ಹದ

ಡೋಲಿನಾ ಫೋನು ಮಾಡಿದರೆ
ಗಾಳಿಯ ಮಾತಿಲ್ಲ, ಕ್ಷೇಮದ ಮಾತಿಲ್ಲ:
"ಹಲ್ಲು ಹೋಯಿತು."
ಅವಳದಲ್ಲ, ಅವು ಹೋಗಿ ಇಪ್ಪತ್ತು ವರ್ಷ.
ಮಗ್ಗದ್ದು.

ಲೂಯಿಸ್ ದ್ವೀಪದ ಬಡಗಣ ತುದಿ, ತಗಡಿನ ಷೆಡ್ಡು,
ಒಳಗೆ ಎರಕದ ಕಬ್ಬಿಣದ ಮಗ್ಗ, ಕಾಲಲ್ಲಿ ತುಳಿಯುವಂಥದು.
ಅದನ್ನು ಹೆತ್ತ ಕಾರ್ಖಾನೆ ಎಂದೋ ಮುಚ್ಚಿ
ಆ ಬೀದಿಯ ಹೆಸರೂ ಬದಲಾಗಿದೆಯಂತೆ.
ಬಿಡಿಭಾಗ ಬೇಕೆಂದರೆ
ಸತ್ತ ಮಗ್ಗದ ಮೈಯಿಂದ ಕಿತ್ತು ತರಬೇಕು.
ಇಲ್ಲವೇ, ನನ್ನನ್ನು ಕರೆಯಬೇಕು.

ನಾನು ಟೊರ್ಕಿಲ್. ಮೀನುದೋಣಿಯ ಇಂಜಿನ್ನುಗಳಿಗೆ
ಮೂವತ್ತು ವರ್ಷ ಎಣ್ಣೆ ಕುಡಿಸಿದವನು.
ಕಬ್ಬಿಣ ಹೇಗೆ ಸಾಯುತ್ತದೆಂದು ಬಲ್ಲೆ.
ಇಲ್ಲಿ ಗಾಳಿಯೇ ಉಪ್ಪಿನ ಭರಣಿ;
ಬೀಗ, ತಿರುಗಣಿ, ಸೈಕಲ್ಲಿನ ಗಂಟೆ
ಎಲ್ಲಕ್ಕೂ ಅದರ ನಾಲಿಗೆ ತಾಗಿದೆ.
ಆದರೆ ಈ ಹಲ್ಲನ್ನು ತಿಂದದ್ದು ತುಕ್ಕಲ್ಲ.
ಲಾಳಿ ಒಮ್ಮೆ ಓಡಿದರೆ ಚಕ್ರಕ್ಕೊಂದು ಕಟ್,
ಬಟ್ಟೆಯ ಉರುಳೆ ಒಂದೆಳೆಯಷ್ಟು ಮುಂದೆ,
ಕಟ್, ಕಟ್, ನಿಮಿಷಕ್ಕೆ ನೂರರ ಸುಮಾರು,
ಅದೇ ಬೆನ್ನಿಗೆ ಅದೇ ಮೂಗು.
ಮೆತ್ತನೆಯ ಉಕ್ಕು. ಬಚ್ಚಲ ಸೋಪಿನ ಹಾಗೆ ಸವೆದಿತ್ತು.

"ಗಟ್ಟಿಯದು ಮಾಡು. ನಾನು ಸಾಯುವ ತನಕ ಬರಲಿ."
"ಅಂದರೆ ಎಷ್ಟು ವರ್ಷ?"
"ಅಳತೆ ತಗೊಳ್ಳುವುದು ನಿನ್ನ ಕೆಲಸ."

ಹಳೆಯ ವಿದ್ಯೆ: ಕಬ್ಬಿಣದ ಡಬ್ಬಿಯಲ್ಲಿ
ಕುರಿಯ ಎಲುಬು ಸುಟ್ಟು ಕುಟ್ಟಿದ ಕರಿಪುಡಿ,
ಹರಿದ ಬೂಟಿನ ಚರ್ಮ, ನಡುವೆ ಹೊಸ ಹಲ್ಲು,
ಜೇಡಿಮಣ್ಣಿನಿಂದ ಬಾಯಿ ಮೆತ್ತಿ
ಆರು ತಾಸು ಕುಲುಮೆ.
ಆ ಕೆಂಪಿನಲ್ಲಿ ಉಕ್ಕಿಗೆ ಹಸಿವು;
ಎಲುಬಿನ ಇಂಗಾಲವನ್ನು
ಉಗುರಿನ ದಪ್ಪದಷ್ಟು ಒಳಗೆಳೆದುಕೊಳ್ಳುತ್ತದೆ.
ಉಣ್ಣೆ ಮಗ್ಗದ ಮೇಲೆ, ಎಲುಬು ಮಗ್ಗದ ಒಳಗೆ.
ಪಾಪ, ಒಂದೇ ಕುರಿ ಎರಡು ಪಾಳಿ ದುಡಿಯಿತು.

ಅಂದು ಶನಿವಾರ. ನಡುರಾತ್ರಿ ದಾಟಿದರೆ ದೇವರ ದಿನ,
ಈ ಊರಲ್ಲಿ ಕುಲುಮೆ ಉಸಿರಾಡುವಂತಿಲ್ಲ.
ಅವಸರದಲ್ಲಿ ನೀರಿಗದ್ದಿದೆ. ಚುಂಯ್.
ಅರ ಇಟ್ಟು ಉಜ್ಜಿದೆ, ಅರವೇ ಜಾರಿತು.
ಮೀಸೆ ತಿರುವುತ್ತ ಮಲಗಿದೆ.

ಬುಧವಾರ ಅದು ಗಾಜಿನಂತೆ ಸಿಡಿದು
ಚೂರೊಂದು ಡೋಲಿನಾಳ ಕಿವಿ ಸವರಿ ಹಾರಿ
ತಗಡಿಗೆ ತೂತು. ಆ ತೂತಿನಿಂದ
ಈಗಲೂ ಸಂಜೆ ಒಂದು ದಾರದಷ್ಟು ಬಿಸಿಲು ಬರುತ್ತದೆ.
"ಗಟ್ಟಿ ಅಂದಿದ್ದೆ ಟೊರ್ಕಿಲ್,
ಮೊಂಡು ಅಂದಿರಲಿಲ್ಲ."

ಎರಡನೆಯ ಸಲ ಅವಳೇ ಬಂದಳು,
ಮೊಣಕಾಲು ಹಿಡಿದುಕೊಂಡು, ಸ್ಟೂಲು ತಾನೇ ತಂದು.
ಬಾಣಲೆಯಲ್ಲಿ ಮರಳು ಕಾಯುತ್ತಿತ್ತು,
ಮೇಲೆ ಉಜ್ಜಿ ಬೆಳಗಿದ ಹಲ್ಲು.
ಕಾವೇರಿದಂತೆ ಬಣ್ಣ ಹರಿಯುತ್ತದೆ ಉಕ್ಕಿನ ಮೇಲೆ;
ಸರಿಯಾದ ಬಣ್ಣಕ್ಕೆ ತೆಗೆದರೆ ಮೊಂಡುತನ ಇಳಿಯುತ್ತದೆ,
ಗಡಸು ಉಳಿಯುತ್ತದೆ.
ನನ್ನ ಕಣ್ಣಿಗೆ ಹಳದಿ, ಕಂದು, ನೇರಳೆ, ಮೂರೇ.
ಅವಳು ಬಾಗಿದಳು. ಅರವತ್ತು ವರ್ಷ
ನೂಲಿನ ನೂರು ಕಂದುಗಳನ್ನು ಬೇರ್ಪಡಿಸಿದ ಕಣ್ಣು.
"ಒಣಹುಲ್ಲು. ತಡಿ.
ಜೇನು. ತಡಿ, ತಡಿ.
ಬಂಡೆಯ ಕಲ್ಲುಹೂವು ಹಾಕಿ ಅವ್ವ ಉಣ್ಣೆ ಬೇಯಿಸುತ್ತಿದ್ದಳು,
ಎರಡನೆಯ ಕುದಿಗೆ ಬರುತ್ತಿತ್ತಲ್ಲ,
ಈಗ!"

ಇಕ್ಕಳ ಹಾಕಿದೆ. ಎಣ್ಣೆಗಿಳಿಸಿದೆ.
ಆ ಬಣ್ಣಕ್ಕೆ ನನ್ನ ಪುಸ್ತಕದಲ್ಲಿ ಒಂದು ಅಂಕಿಯಿದೆ.
ಅವಳಿಗೆ ಅದು ಅವ್ವನ ಕೈ.

ಹದಿನಾಲ್ಕು ತಿಂಗಳು ಫೋನು ಬರಲಿಲ್ಲ.
ದಾರಿಯಲ್ಲಿ ಹೋಗುವಾಗ ಗಾಡಿ ನಿಲ್ಲಿಸಿ
ಷೆಡ್ಡಿನ ಹೊರಗೆ ಕಿವಿಗೊಡುತ್ತಿದ್ದೆ:
ಕಟ್, ಕಟ್, ಕಟ್.
ಸುಮ್ಮನೆ ಹೊರಟುಬಿಡುತ್ತಿದ್ದೆ.

ನಿನ್ನೆ ಬಂತು.
"ಚಕ್ರ ಹೋಯಿತು."
"ಹಲ್ಲು?"
"ಅದಕ್ಕೇನು ದಾಡಿ! ಚಕ್ರವನ್ನು ತಿಂದದ್ದೇ ಅದು."

ನನಗೆ ಹೊಳೆಯಬೇಕಿತ್ತು.
ಒಬ್ಬರು ಗಟ್ಟಿಯಾದರೆ ಸವೆತ ಎಲ್ಲಿಗೂ ಹೋಗುವುದಿಲ್ಲ,
ಪಕ್ಕದವರ ಮನೆಗೆ ಹೋಗುತ್ತದೆ.

ಕಟುಕನ ಅಂಗಡಿಗೆ ಹೇಳಿಟ್ಟಿದ್ದೇನೆ, ಎಲುಬು ಎಸೆಯಬೇಡ ಎಂದು.
ಚಕ್ರ ಹಿಡಿಸುವಂಥ ಡಬ್ಬಿ ಇನ್ನೂ ಸಿಕ್ಕಿಲ್ಲ.